ಹದಿನೆಂಟಕ್ಕೆ ಡ್ರಾಫ್ಟ್ ಆಗದಿದ್ರೆ ಫುಟಿ ಮುಗೀತಾ? ಬೇರೆ ದಾರಿಯಿಂದ ಬಂದವರ ಹೆಸರು ಹೇಳಿ

ಟಾರ್ನೀಟ್ ಮಾವ
ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ಮಗನಿಗೆ ಹದಿನೆಂಟು ವರ್ಷ. ಚಿಕ್ಕಂದಿನಿಂದ ಫುಟಿ ಅಂದ್ರೆ ಪ್ರಾಣ. ಇಲ್ಲೇ ಮೆಲ್ಬರ್ನಿನ ಪಶ್ಚಿಮದ ಕಡೆ ಒಂದು ಲೋಕಲ್ ಕ್ಲಬ್ಬಿಗೆ ಆಡುತ್ತಾನೆ. ಈ ಸಲ ಎಎಫ್‌ಎಲ್ (ಫುಟಿಯ ದೊಡ್ಡ ಲೀಗ್) ಡ್ರಾಫ್ಟ್‌ಗೆ, ಅಂದ್ರೆ ಕ್ಲಬ್ಬುಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಹೆಸರು ಕೊಟ್ಟಿದ್ದ, ಯಾವ ಕ್ಲಬ್ಬೂ ಕರೆಯಲಿಲ್ಲ. ಅವತ್ತಿಂದ ಸರಿಯಾಗಿ ಊಟ ಮಾಡುತ್ತಿಲ್ಲ. "ಹದಿನೆಂಟಕ್ಕೆ ಆಗದಿದ್ರೆ ಮುಗೀತು ಮಾವ" ಅಂತಾನೆ.

ನನಗೆ ಕ್ರಿಕೆಟ್ ಗೊತ್ತು, ಫುಟಿ ಅಷ್ಟಕ್ಕಷ್ಟೇ. ತಡವಾಗಿ ಬಂದವರು, ಬೇರೆ ಆಟದಿಂದ ಬಂದವರು, ಬೇರೆ ಕೆಲಸ ಮಾಡಿಕೊಂಡೇ ಆಡಿದವರು ಇದ್ದಾರಾ? ಇದ್ದರೆ ಹೆಸರು, ವರ್ಷ ಸಮೇತ ಹೇಳಿ. ಬರೀ ಸಮಾಧಾನದ ಮಾತು ಬೇಡ. ಈ ಕಾಲದ ಹುಡುಗ, ಹೇಳಿದ್ದನ್ನೆಲ್ಲ ಫೋನಿನಲ್ಲಿ ತೆಗೆದು ನೋಡುತ್ತಾನೆ.

ಗೂಗ್ಲಿ ಗುರು
ಮಾರ್ಲಿಯನ್ ಪಿಕೆಟ್. ಇದೊಂದು ಹೆಸರು ಸಾಕು.

ಬಸವನಗುಡಿ ಹರಟೆ
ಬೆಂಗಳೂರಿಂದ ಓದುತ್ತಿದ್ದೇನೆ. ಫುಟಿ ಅಂದ್ರೆ ರಗ್ಬಿನಾ ಸರ್?

ಸೇಂಟ್‌ಕಿಲ್ಡಾ ಸೀನ
ಅಲ್ಲ ರೀ. ಕ್ರಿಕೆಟ್ ಮೈದಾನದಲ್ಲೇ ಆಡುವ ಆಟ. ಒಂದು ಕಡೆಗೆ ಹದಿನೆಂಟು ಜನ. ಎರಡು ತುದಿಯಲ್ಲೂ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಆರು ಪಾಯಿಂಟ್, ಪಕ್ಕದ ಕಂಬದ ಕಡೆ ಹೋದರೆ ಒಂದು. ಚೆಂಡನ್ನು ಕೈಯಲ್ಲಿ ಎಸೆಯುವ ಹಾಗಿಲ್ಲ, ಒಂದು ಅಂಗೈ ಮೇಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಬೇಕು. ಹಿಡಿದುಕೊಂಡು ಓಡುವಾಗ ಹದಿನೈದು ಮೀಟರಿಗೊಮ್ಮೆ ನೆಲಕ್ಕೆ ಬಡಿಯಬೇಕು. ಮೊಟ್ಟೆ ಆಕಾರದ ಚೆಂಡು, ಓಡುತ್ತಾ ಬಡಿದು ವಾಪಸ್ ಕೈಗೆ ತರೋದು ಸುಲಭ ಅಲ್ಲ. ಇದನ್ನು ಹುಟ್ಟುಹಾಕಿದವರೂ ಕ್ರಿಕೆಟಿಗರೇ. ಚಳಿಗಾಲದಲ್ಲಿ ಮೈ ಜಡ್ಡು ಹಿಡಿಯಬಾರದು ಅಂತ ಟಾಮ್ ವಿಲ್ಸ್ 1858ರಲ್ಲಿ ಪತ್ರಿಕೆಗೆ ಬರೆದ. ಮರುವರ್ಷ ನಿಯಮ ಬರೆದರು.

ಗೂಗ್ಲಿ ಗುರು
ಪಿಕೆಟ್ ಕಥೆ ಪೂರ್ತಿ ಹೇಳುತ್ತೇನೆ, ಹುಡುಗನಿಗೆ ಓದಿಸಿ ಸರ್. ಪಶ್ಚಿಮ ಆಸ್ಟ್ರೇಲಿಯಾದ ನೂಂಗರ್ ಸಮುದಾಯದವರು. ಹದಿಹರೆಯದಲ್ಲಿ ದಾರಿ ತಪ್ಪಿ, ಕಳ್ಳತನದ ಕೇಸಿನಲ್ಲಿ ಎರಡೂವರೆ ವರ್ಷ ಜೈಲಿನಲ್ಲಿದ್ದರು. ಹೊರಗೆ ಬಂದ ಮೇಲೆ ಸೌತ್ ಫ್ರೀಮ್ಯಾಂಟಲ್ ಪರ ರಾಜ್ಯದ ಲೀಗಿನಲ್ಲಿ ಆಡಿದರು. ವರ್ಷ ವರ್ಷ ಡ್ರಾಫ್ಟ್ ಬಂತು, ಹೋಯಿತು. ಯಾರೂ ತಗೊಳ್ಳಲಿಲ್ಲ. 2019ರಲ್ಲಿ ಸೀಸನ್ ನಡುವೆ ಒಂದು ಡ್ರಾಫ್ಟ್ ಮತ್ತೆ ಶುರು ಮಾಡಿದರಲ್ಲ, ಅದರಲ್ಲಿ ರಿಚ್ಮಂಡ್ ಕರೆಯಿತು. ಆಗ ಅವರ ಬೆರಳು ಮುರಿದಿತ್ತು. ವಯಸ್ಸು 27, ನಾಲ್ಕು ಮಕ್ಕಳ ತಂದೆ.

ಆ ವರ್ಷ ರಿಚ್ಮಂಡಿನ ಎರಡನೇ ತಂಡ ವಿಎಫ್‌ಎಲ್ (ಎಎಫ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್) ಫೈನಲ್ ಗೆದ್ದಿತು. ಅದರಲ್ಲಿ ಪಂದ್ಯದ ಶ್ರೇಷ್ಠ ಆಟಗಾರ ಇವರೇ. ಮುಂದಿನ ವಾರ ಎಎಫ್‌ಎಲ್ ಗ್ರ್ಯಾಂಡ್ ಫೈನಲ್. ಅದುವರೆಗೆ ಒಂದೇ ಒಂದು ಎಎಫ್‌ಎಲ್ ಪಂದ್ಯ ಆಡದವರನ್ನು ನೇರವಾಗಿ ಫೈನಲ್‌ಗೆ ಇಳಿಸಿದರು! 1952ರ ನಂತರ ಯಾರೂ ಗ್ರ್ಯಾಂಡ್ ಫೈನಲ್‌ನಲ್ಲಿ ಮೊದಲ ಪಂದ್ಯ ಆಡಿರಲಿಲ್ಲ. ಚೆಂಡು ಹಿಡಿದು ಎದುರಾಳಿಗೆ ಬೆನ್ನು ಕೊಟ್ಟು ಗಿರ್ರನೆ ಒಂದು ಸುತ್ತು ತಿರುಗಿ ತಪ್ಪಿಸಿಕೊಂಡರು ನೋಡಿ, ಎಂಸಿಜಿ ಪೂರ್ತಿ ಎದ್ದು ನಿಂತಿತು. ಆಮೇಲೆ ಗೋಲ್ ಹೊಡೆದಾಗ ತಂಡದವರೆಲ್ಲ ಓಡಿ ಬಂದು ಮುತ್ತಿಕೊಂಡರು. ರಿಚ್ಮಂಡ್ 89 ಪಾಯಿಂಟ್‌ಗಳಿಂದ ಗೆದ್ದಿತು. ಮುಂದಿನ ವರ್ಷದ ಫೈನಲ್ ಗೆದ್ದ ತಂಡದಲ್ಲೂ ಇದ್ದರು.

ಮಲೆನಾಡ ಹುಡುಗಿ
ಆ ಗೋಲ್ ನೆನೆಸಿಕೊಂಡರೆ ಈಗಲೂ ಕಣ್ಣಲ್ಲಿ ನೀರು ಬರುತ್ತೆ.

ಲೆಕ್ಕಪತ್ರ
ಒಳ್ಳೇ ಕಥೆ, ಒಪ್ಪಿದೆ. ಆದರೆ ಇಂಥ ಒಬ್ಬಿಬ್ಬರನ್ನು ತೋರಿಸಿ ಹುಡುಗನಿಗೆ ಆಸೆ ಹುಟ್ಟಿಸೋದು ಸರಿಯಲ್ಲ. ಪಿಕೆಟ್ ತರ ಆಗದೆ ಉಳಿದವರ ಹೆಸರು ನಮಗೆ ಗೊತ್ತೇ ಇರಲ್ಲ. ಓದು ಮುಗಿಸಲಿ ಅಥವಾ ಒಂದು ಕೆಲಸ ಕಲೀಲಿ. ಆಟ ಎಲ್ಲಿಗೂ ಓಡಿಹೋಗಲ್ಲ.

ಪರ್ತ್ ಪುಟ್ಟ
ಲೆಕ್ಕಪತ್ರ ಸರ್, ಒಬ್ಬಿಬ್ಬರಲ್ಲ. ನಮ್ಮ ಪರ್ತಿನ ಮ್ಯಾಟ್ ಪ್ರಿಡಿಸ್ ಇದ್ದಾರೆ. ನಿಧಾನ ಓಡ್ತಾನೆ ಅಂತ ಕ್ಲಬ್ಬುಗಳು ಬಿಟ್ಟಿದ್ದವು. ಸುಬಿಯಾಕೊ ಪರ ಆಡಿ 2006ರಲ್ಲಿ ರಾಜ್ಯದ ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಸ್ಯಾಂಡೋವರ್ ಮೆಡಲ್ ಗೆದ್ದರು. ರೂಕಿ (ಹೊಸಬರ) ಪಟ್ಟಿಯಿಂದ ವೆಸ್ಟ್ ಕೋಸ್ಟ್‌ಗೆ ಬಂದು 2014ರಲ್ಲಿ ಬ್ರೌನ್ಲೋ ಗೆದ್ದರು. ಇಡೀ ಲೀಗಿನಲ್ಲಿ ಅದಕ್ಕಿಂತ ದೊಡ್ಡ ವೈಯಕ್ತಿಕ ಪ್ರಶಸ್ತಿ ಇಲ್ಲ.

ಸ್ಯಾಮ್ ಮಿಚೆಲ್ ಕೂಡ ಹಾಗೇ. ಡ್ರಾಫ್ಟ್‌ನಲ್ಲಿ ಕರೆ ಬರದೆ ಬಾಕ್ಸ್ ಹಿಲ್‌ಗೆ ಆಡಿಕೊಂಡಿದ್ದವರು. ಆಮೇಲೆ 2008ರಲ್ಲಿ ಹಾಥಾರ್ನ್ ಕಪ್ ಗೆದ್ದಾಗ ನಾಯಕರೇ ಅವರು. ಮುಂದೆ ಅದೇ ಕ್ಲಬ್ಬಿನ ಕೋಚ್ ಆದರು.

ಟಾರ್ನೀಟ್ ಮಾವ
ಪ್ರಿಡಿಸ್ ಹೆಸರು ಹೇಳಿದ ಕೂಡಲೇ ಹುಡುಗ ತಲೆ ಎತ್ತಿದ. ಅವನಿಗೂ ಕೋಚ್ "ನಿಧಾನ" ಅಂತಲೇ ಹೇಳಿದ್ದರಂತೆ. ಇನ್ನೂ ಹೇಳಿ.

ಡ್ರಾಪ್ ಪಂಟ್
ಬೇರೆ ದೇಶ, ಬೇರೆ ಆಟದಿಂದ ಬಂದವರನ್ನು ಯಾರೂ ಹೇಳಲೇ ಇಲ್ಲ. ಜಿಮ್ ಸ್ಟೈನ್ಸ್ ಇಲ್ಲದೆ ಈ ಚರ್ಚೆ ಶುರುವಾಗಲೇಬಾರದು. ಡಬ್ಲಿನ್ ಹುಡುಗ. ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್ ಆಡುತ್ತಿದ್ದರು. ಅಲ್ಲಿ ದುಂಡು ಚೆಂಡು. 1984ರಲ್ಲಿ ಮೆಲ್ಬರ್ನ್ ಕ್ಲಬ್ ಕರೆದುಕೊಂಡು ಬಂತು. ಮೊಟ್ಟೆ ಚೆಂಡು ಯಾವ ಕಡೆ ಪುಟಿಯುತ್ತೆ ಅನ್ನೋದನ್ನೇ ಮೊದಲಿಂದ ಕಲಿಯಬೇಕಾಯಿತು. 1987ರಲ್ಲಿ ಮೊದಲ ಸೀಸನ್. ಆ ವರ್ಷ ಪ್ರಿಲಿಮಿನರಿ ಫೈನಲ್‌ನ (ಸೆಮಿಫೈನಲ್ ಇದ್ದ ಹಾಗೆ) ಕೊನೇ ಕ್ಷಣದಲ್ಲಿ ಹಾಥಾರ್ನ್‌ನ ಗ್ಯಾರಿ ಬಕೆನಾರಾ ಗೋಲಿಗೆ ಒದೆಯಲು ನಿಂತಿದ್ದರು. ಒದೆಯುವವನ ಮುಂದೆ ಅಡ್ಡ ಹಾಯುವಂತಿಲ್ಲ ಅಂತ ನಿಯಮ. ಸ್ಟೈನ್ಸ್ ಅಡ್ಡ ಓಡಿಬಿಟ್ಟರು. 15 ಮೀಟರ್ ದಂಡ. ಬಕೆನಾರಾ ಅಷ್ಟು ಮುಂದೆ ಬಂದು ಸೈರನ್ ಆದ ಮೇಲೆ ಗೋಲ್ ಹೊಡೆದರು, ಮೆಲ್ಬರ್ನ್ ಫೈನಲ್ ತಪ್ಪಿಸಿಕೊಂಡಿತು.

ಅಷ್ಟಾದ ಮೇಲೆ ಊರಿಗೆ ಟಿಕೆಟ್ ತಗೊಂಡು ಹೋಗಿಬಿಡೋರೇ ಜಾಸ್ತಿ. ಇವರು ಉಳಿದರು. 1991ರಲ್ಲಿ ಬ್ರೌನ್ಲೋ. ಒಂದೂ ಬಿಡದೆ ಸತತ 244 ಪಂದ್ಯ ಆಡಿದರು. ಅದೂ ರಕ್‌ಮನ್ ಆಗಿ! ಪ್ರತಿ ಸಲ ಚೆಂಡು ಮೇಲೆ ಹಾರಿದಾಗಲೂ ಎದುರಿನವನ ಮಂಡಿ ನಿಮ್ಮ ಪಕ್ಕೆಗೋ ತೊಡೆಗೋ ಬಡಿಯುವ ಜಾಗ ಅದು. ಆಟದ ಜೊತೆಗೇ 1994ರಲ್ಲಿ ಯುವಕರಿಗಾಗಿ ರೀಚ್ ಅನ್ನೋ ಸಂಸ್ಥೆ ಕಟ್ಟಿದರು. 2008ರಲ್ಲಿ ಸಾಲದಲ್ಲಿ ಮುಳುಗಿದ್ದ ತಮ್ಮ ಕ್ಲಬ್ಬಿಗೆ ಅಧ್ಯಕ್ಷರಾದರು. ಮರುವರ್ಷ ಕ್ಯಾನ್ಸರ್ ಗೊತ್ತಾಯಿತು. ಚಿಕಿತ್ಸೆ ನಡುವೆಯೂ ಕ್ಲಬ್ ಕೆಲಸ ಮಾಡಿದರು. 2012ರ ಮಾರ್ಚಿನಲ್ಲಿ ತೀರಿಕೊಂಡಾಗ ಸರ್ಕಾರಿ ಗೌರವದಿಂದ ಅಂತ್ಯಕ್ರಿಯೆ ನಡೆಯಿತು. ನನಗಂತೂ ಈ ಆಟದಲ್ಲಿ ಅವರಿಗಿಂತ ದೊಡ್ಡವರು ಯಾರೂ ಕಾಣಲ್ಲ.

ಸಿಡ್ನಿ ಸಂಜೆ
ಐರಿಷ್ ಅಂದ್ರೆ ಟೈಗ್ ಕೆನೆಲಿ ಬೇಕೇ ಬೇಕು. ಅಪ್ಪ ಟಿಮ್ ಕೆನೆಲಿ ಕೆರಿ ಕೌಂಟಿಯ ದೊಡ್ಡ ಗೇಲಿಕ್ ಆಟಗಾರ. ಮಗ 2005ರಲ್ಲಿ ಸಿಡ್ನಿ ಸ್ವಾನ್ಸ್ ಜೊತೆ ಪ್ರೀಮಿಯರ್‌ಶಿಪ್ (ಎಎಫ್‌ಎಲ್ ಕಪ್) ಗೆದ್ದು ವೇದಿಕೆ ಮೇಲೆಯೇ ಐರಿಷ್ ಕುಣಿತ ಕುಣಿದ. ಆ ಡಿಸೆಂಬರಿನಲ್ಲೇ ಅಪ್ಪ ತೀರಿಕೊಂಡರು. 2009ರಲ್ಲಿ ಇಲ್ಲಿನ ಕಾಂಟ್ರಾಕ್ಟ್ ಬಿಟ್ಟು ಊರಿಗೆ ಹೋಗಿ ಕೆರಿ ಪರ ಆಡಿ ಗೇಲಿಕ್ ಫುಟ್‌ಬಾಲಿನ ದೊಡ್ಡ ಕಪ್ ಆಲ್ ಐರ್ಲೆಂಡ್ ಗೆದ್ದ. ಎರಡೂ ಮೆಡಲ್ ಇರೋನು ಇವನೊಬ್ಬನೇ.

ಡ್ರಾಪ್ ಪಂಟ್
ಮೊದಲನೆಯವನು ಅನ್ನಿ. ಈಗ ಕಾನರ್ ಮೆಕೆನ್ನಾ ಇದ್ದಾನೆ. 2021ರಲ್ಲಿ ಟೈರೋನ್ ಪರ ಆಲ್ ಐರ್ಲೆಂಡ್, 2024ರಲ್ಲಿ ಬ್ರಿಸ್ಬೇನ್ ಪರ ಪ್ರೀಮಿಯರ್‌ಶಿಪ್.

ಸಿಡ್ನಿ ಸಂಜೆ
ಸರಿ ಸರಿ, ಇಬ್ಬರು. ಆದರೆ ನಮ್ಮ ಸ್ವಾನ್ಸ್‌ನ ಮೈಕ್ ಪೈಕ್‌ಗೆ ಜೋಡಿ ಇಲ್ಲ ಬಿಡಿ. ಕೆನಡಾದ ರಗ್ಬಿ ಆಟಗಾರ. 2007ರಲ್ಲಿ ನ್ಯೂಜಿಲೆಂಡ್‌ನ ಆಲ್ ಬ್ಲಾಕ್ಸ್ ವಿರುದ್ಧ ಮೈದಾನದ ಉದ್ದಕ್ಕೂ ಓಡಿ ಟ್ರೈ ಹೊಡೆದಿದ್ದ. ಫುಟಿಗೆ ಬಂದಾಗ ವಯಸ್ಸು ಇಪ್ಪತ್ತನಾಲ್ಕು ದಾಟಿತ್ತು, ಅದುವರೆಗೆ ಈ ಚೆಂಡನ್ನು ಒದ್ದವನೇ ಅಲ್ಲ. ಮೊದಮೊದಲು ಕೈಯಿಂದ ಚೆಂಡು ಜಾರಿದಾಗ ನಮ್ಮ ಕಡೆಯ ಜನವೇ ಗೊಣಗುತ್ತಿದ್ದರು. 2012ರ ಗ್ರ್ಯಾಂಡ್ ಫೈನಲ್‌ನಲ್ಲಿ ಹಾಥಾರ್ನ್ ವಿರುದ್ಧ ಅವನೇ ನಮ್ಮ ರಕ್‌ನ ಆಧಾರ.

ಕಪ್ಪುಬಿಳಿ ಕಾಲಿಂಗ್‌ವುಡ್
ಮೇಸನ್ ಕಾಕ್ಸ್! ಟೆಕ್ಸಸ್‌ನವನು, 211 ಸೆಂಟಿಮೀಟರ್ ಎತ್ತರ. ಓಕ್ಲಹೋಮಾದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಾ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದ. 2014ರವರೆಗೆ ಫುಟಿ ಚೆಂಡು ಮುಟ್ಟಿರಲಿಲ್ಲ. 2016ರ ಆನ್‌ಝಾಕ್ ಡೇ (ಯೋಧರ ಸ್ಮರಣೆಯ ದಿನ) ನಮ್ಮ ಕಾಲಿಂಗ್‌ವುಡ್ ಪರ ಮೊದಲ ಪಂದ್ಯ, ಮೊದಲ ಒದೆತವೇ ಗೋಲ್. 2018ರ ಪ್ರಿಲಿಮಿನರಿ ಫೈನಲ್‌ನಲ್ಲಿ ರಿಚ್ಮಂಡನ್ನು ಒಂದೇ ಕ್ವಾರ್ಟರಿನಲ್ಲಿ ಮೂರು ಗೋಲ್ ಹೊಡೆದು ಮುರಿದು ಹಾಕಿದ. ಎಂಸಿಜಿಯಲ್ಲಿ ಜನ "ಯುಎಸ್ಎ, ಯುಎಸ್ಎ" ಅಂತ ಕೂಗಿದ್ದರು. 2023ರಲ್ಲಿ ಪ್ರೀಮಿಯರ್‌ಶಿಪ್ ಮೆಡಲ್ಲೂ ಬಂತು.

ಲೆಕ್ಕಪತ್ರ
ಅದೇ ನಾನು ಹೇಳಿದ್ದು. 211 ಸೆಂಟಿಮೀಟರ್ ಎತ್ತರ ಇದ್ದರೆ ಕ್ಲಬ್ಬುಗಳು ತಾವೇ ಹುಡುಕಿಕೊಂಡು ಬರುತ್ತವೆ. ಮಾಮೂಲಿ ಎತ್ತರದ ಹುಡುಗನಿಗೆ ಆ ಬಾಗಿಲು ಎಲ್ಲಿದೆ? ಇನ್ನೊಂದು ವಿಷಯ. ಇಸ್ರೇಲ್ ಫೊಲಾವ್‌ನ ರಗ್ಬಿ ಲೀಗಿನಿಂದ ದೊಡ್ಡ ದುಡ್ಡು ಕೊಟ್ಟು ಪಶ್ಚಿಮ ಸಿಡ್ನಿಯ ಜಿಡಬ್ಲ್ಯುಎಸ್ ಕ್ಲಬ್ಬಿಗೆ ತಂದರು. 2012ರಲ್ಲಿ 13 ಪಂದ್ಯ ಆಡಿ ಹೊರಟುಹೋದ. ಪಶ್ಚಿಮ ಸಿಡ್ನಿಯ ರಗ್ಬಿ ಜನ ಫುಟಿ ನೋಡಲಿ ಅಂತ ಮಾಡಿದ ಪ್ರಚಾರ ಅದು. ಆ ಜಾಗದಲ್ಲಿ ಒಬ್ಬ ಲೋಕಲ್ ಹುಡುಗ ಆಡಬಹುದಿತ್ತು, ಅಲ್ವಾ?

ಗೋಲ್ಡ್ ಕೋಸ್ಟ್ ಗಾಳಿ
ಪ್ರಚಾರಕ್ಕೇ ತಂದರು, ಅದು ನಿಜ. ಆದರೆ ಕಾರ್ಮೈಕಲ್ ಹಂಟ್‌ನ ಅದೇ ಸಾಲಿಗೆ ಸೇರಿಸಬೇಡಿ. ಅವನೂ ರಗ್ಬಿ ಲೀಗಿನಿಂದಲೇ ಗೋಲ್ಡ್ ಕೋಸ್ಟ್‌ಗೆ ಬಂದವನು. 2012ರಲ್ಲಿ ಕೇರ್ನ್ಸ್‌ನಲ್ಲಿ ರಿಚ್ಮಂಡ್ ವಿರುದ್ಧ ಸೈರನ್ ಆದ ಮೇಲೆ ಗೋಲ್ ಹೊಡೆದು ಗೆಲ್ಲಿಸಿದ. ಅವತ್ತು ಪಕ್ಕದಲ್ಲಿ ಕೂತಿದ್ದವರನ್ನು, ಪರಿಚಯ ಇಲ್ಲದಿದ್ದರೂ, ತಬ್ಬಿಕೊಂಡಿದ್ದೆ.

ಪರ್ತ್ ಪುಟ್ಟ
ಎತ್ತರವೊಂದೇ ಆದರೆ ಬಾಸ್ಕೆಟ್‌ಬಾಲಿನವರೆಲ್ಲ ಇಲ್ಲಿ ಮೆರೆಯಬೇಕಿತ್ತು. ಬಂದು ಎರಡನೇ ತಂಡದಲ್ಲೇ ಆಡಿ ವಾಪಸ್ ಹೋದವರು ಬೇಕಾದಷ್ಟು ಜನ. ಮಾರ್ಕ್ ಬ್ಲಿಟ್ಸಾವ್ಸ್ ನೋಡಿ. ಎತ್ತರ ಇದೆ, ಆದರೆ ಗೀಲಾಂಗ್ ಕಂಡದ್ದು ಬರೀ ಎತ್ತರ ಅಲ್ಲ. ಅವನು ಸ್ಟೀಪಲ್‌ಚೇಸ್ ಓಟಗಾರ, 2012ರ ಲಂಡನ್ ಒಲಿಂಪಿಕ್ಸ್ ಗುರಿ ಇಟ್ಟುಕೊಂಡಿದ್ದವನು. ಅಷ್ಟು ಎತ್ತರದವನು ಕೊನೇ ಕ್ವಾರ್ಟರಿನಲ್ಲೂ ಮೊದಲ ಕ್ವಾರ್ಟರಿನ ಹಾಗೇ ಓಡುತ್ತಿದ್ದ. ಕ್ಲಬ್ಬಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಎರಡು ಸಲ, 2022ರಲ್ಲಿ ಪ್ರೀಮಿಯರ್‌ಶಿಪ್. ಇಲ್ಲಿನ ಡ್ರಾಫ್ಟ್ ದಾರಿಗೆ ಹೊರಗಿನವರನ್ನು ತರಲು ಬಿ ಕೆಟಗರಿ ರೂಕಿ ಅಂತ ಒಂದು ಬಾಗಿಲು ಇದೆ. ಮೂರು ವರ್ಷ ಫುಟಿಗೆ ರಿಜಿಸ್ಟರ್ ಆಗಿರಬಾರದು ಅಷ್ಟೇ.

ಟಾರ್ನೀಟ್ ಮಾವ
ಹಾಗಾದರೆ ನಮ್ಮ ಹುಡುಗನಿಗೆ ಆ ಬಾಗಿಲು ಇಲ್ಲ. ಅವನು ಪ್ರತಿ ವರ್ಷ ಆಡಿದ್ದಾನೆ.

ಪರ್ತ್ ಪುಟ್ಟ
ಬೇಕಾಗಿಲ್ಲ ಸರ್. ಅವನಿಗೆ ವಿಎಫ್‌ಎಲ್ ಇದೆ, ಸೀಸನ್ ನಡುವಿನ ಡ್ರಾಫ್ಟ್ ಇದೆ. ಪಿಕೆಟ್ ಬಂದ ದಾರಿಯೇ ಅದು.

ಮಲೆನಾಡ ಹುಡುಗಿ
ಇಷ್ಟೊತ್ತೂ ಬರೀ ಗಂಡಸರ ಹೆಸರೇ ಬಂತು. ಬೇರೆ ಕೆಲಸ ಮಾಡಿಕೊಂಡು ಆಡೋರು ಅಂದ್ರೆ ಹೆಂಗಸರ ಲೀಗು ಎಎಫ್‌ಎಲ್ ಡಬ್ಲ್ಯು ಶುರುವಾದಾಗ ಪೂರ್ತಿ ಅಂಥವರೇ! 2017ರ ಫೆಬ್ರವರಿ 3ರಂದು ಮೊದಲ ಪಂದ್ಯ, ಕಾರ್ಲ್‌ಟನ್ ಮತ್ತು ಕಾಲಿಂಗ್‌ವುಡ್, ಪ್ರಿನ್ಸಸ್ ಪಾರ್ಕಿನಲ್ಲಿ. ಇಪ್ಪತ್ತನಾಲ್ಕು ಸಾವಿರಕ್ಕೂ ಜಾಸ್ತಿ ಜನ ಸೇರಿ ಗೇಟು ಮುಚ್ಚಬೇಕಾಯಿತು. ಒಳಗೆ ಆಡುತ್ತಿದ್ದವರಲ್ಲಿ ಬಹಳ ಜನ ಹಗಲು ಟೀಚರ್, ನರ್ಸ್, ಎಲೆಕ್ಟ್ರಿಷಿಯನ್ ಕೆಲಸ ಮಾಡಿ ಸಂಜೆ ಪ್ರಾಕ್ಟೀಸಿಗೆ ಬರುತ್ತಿದ್ದವರು. ಡೇಸಿ ಪಿಯರ್ಸ್ ಸೂಲಗಿತ್ತಿ ನರ್ಸ್ ಆಗಿದ್ದರು. ಹೆರಿಗೆ ವಾರ್ಡಿನ ಕೆಲಸ ಗಡಿಯಾರ ನೋಡಿ ಮುಗಿಯೋದಲ್ಲ. ಅವರು 2022ರಲ್ಲಿ ಮೆಲ್ಬರ್ನ್ ತಂಡಕ್ಕೆ ನಾಯಕಿಯಾಗಿ ಪ್ರೀಮಿಯರ್‌ಶಿಪ್ ಗೆಲ್ಲಿಸಿದರು.

ಇನ್ನು ಎರಿನ್ ಫಿಲಿಪ್ಸ್. ಅಪ್ಪ ಗ್ರೆಗ್ ಫಿಲಿಪ್ಸ್ ಪೋರ್ಟ್ ಅಡಿಲೇಡಿನ ದಿಗ್ಗಜ. ಇವರಿಗೂ ಫುಟಿಯೇ ಇಷ್ಟ. ಆದರೆ ಹದಿಮೂರು ವರ್ಷ ಆದ ಮೇಲೆ ಹುಡುಗರ ಜೊತೆ ಆಡಲು ಬಿಡಲಿಲ್ಲ, ಹುಡುಗಿಯರಿಗೆ ಮುಂದೆ ಲೀಗೇ ಇರಲಿಲ್ಲ. ಬಾಸ್ಕೆಟ್‌ಬಾಲ್ ಹಿಡಿದರು. 2008ರ ಒಲಿಂಪಿಕ್ಸ್ ಬೆಳ್ಳಿ, ಅಮೆರಿಕದ ಡಬ್ಲ್ಯುಎನ್‌ಬಿಎ ಕಪ್ ಎರಡು ಸಲ. 2017ರಲ್ಲಿ ಲೀಗ್ ಶುರುವಾದಾಗ ಮೂವತ್ತು ದಾಟಿತ್ತು. ಬಂದ ಮೊದಲ ವರ್ಷವೇ ಅಡಿಲೇಡಿಗೆ ಕಪ್, ತಮಗೆ ಲೀಗಿನ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ. 2019ರ ಫೈನಲ್‌ನಲ್ಲಿ ಮಂಡಿಯ ಲಿಗಮೆಂಟ್ ಹರಿದು ಸ್ಟ್ರೆಚರಿನಲ್ಲಿ ಹೊರಗೆ ಹೋಗುವಾಗ ಅಡಿಲೇಡ್ ಓವಲ್‌ನಲ್ಲಿ 53,034 ಜನ ಇದ್ದರು. ಪಂದ್ಯದ ಶ್ರೇಷ್ಠ ಆಟಗಾರ್ತಿ ಆವತ್ತೂ ಅವರೇ.

ಅವರ ಕಾಲಿಗೆ ಇಪ್ಪತ್ತರಲ್ಲಿ ಫುಟಿ ಸಿಕ್ಕಿದ್ದರೆ ಏನಾಗುತ್ತಿತ್ತು? ನನಗೆ ಸಿಟ್ಟು ಬರೋದು ಅಲ್ಲಿ. ಅವರು ಬಳಸು ದಾರಿಯನ್ನು ಬೇಕು ಅಂತ ಹಿಡಿದದ್ದಲ್ಲ. ನೇರ ದಾರಿಯನ್ನು ಮುಚ್ಚಿದ್ದರು.

ಸೇಂಟ್‌ಕಿಲ್ಡಾ ಸೀನ
ನೂರಕ್ಕೆ ನೂರು ನಿಜ. ಮುಚ್ಚಿದ ದಾರಿ ಅಂದ ಕೂಡಲೇ ಡಗ್ ನಿಕಲ್ಸ್ ನೆನಪಾಗುತ್ತಾರೆ. ಕಮರಗಂಜದ ಮೂಲನಿವಾಸಿ ಹುಡುಗ, ಎತ್ತರ ಬರೀ ಐದಡಿ ಎರಡಂಗುಲ. 1927ರಲ್ಲಿ ಕಾರ್ಲ್‌ಟನ್‌ಗೆ ಹೋದಾಗ ಮೈ ಉಜ್ಜುವವರು ಅವರ ಬಣ್ಣ ನೋಡಿ ಮುಟ್ಟಲಿಲ್ಲ. ನಾರ್ತ್‌ಕೋಟ್‌ಗೆ ಹೋದರು. ನಡುವೆ ಬದುಕಿಗಾಗಿ ಊರೂರು ತಿರುಗುವ ಬಾಕ್ಸಿಂಗ್ ತಂಡದಲ್ಲಿ ಗುದ್ದಾಡಿದರು, ಓಟದ ಪಂದ್ಯ ಓಡಿದರು. 1932ರಿಂದ ಫಿಟ್ಝ್‌ರಾಯ್ ಪರ ಆಡಿದರು. ಆಮೇಲೆ ಪಾದ್ರಿಯಾದರು, ತಮ್ಮ ಜನರ ಹಕ್ಕಿಗಾಗಿ ಹೋರಾಡಿದರು. 1972ರಲ್ಲಿ ಸರ್ ಪದವಿ ಬಂತು. 1976ರಲ್ಲಿ ಸೌತ್ ಆಸ್ಟ್ರೇಲಿಯಾದ ಗವರ್ನರ್! ಮೂಲನಿವಾಸಿಗಳಲ್ಲಿ ಆ ಹುದ್ದೆಗೆ ಏರಿದ ಮೊದಲಿಗರು. ಈಗ ಪ್ರತಿ ವರ್ಷ ಒಂದು ಸುತ್ತಿನ ಪಂದ್ಯಗಳು ಅವರ ಹೆಸರಲ್ಲೇ ನಡೆಯುತ್ತವೆ.

ಬಸವನಗುಡಿ ಹರಟೆ
ಅಬ್ಬಾ, ಇದೆಲ್ಲ ಗೊತ್ತೇ ಇರಲಿಲ್ಲ. ಕ್ರಿಕೆಟಿಗರು ಯಾರಾದ್ರೂ ಫುಟಿ ಆಡಿದ್ದಾರಾ?

ಗೂಗ್ಲಿ ಗುರು
ಕೇಳಿದಿರಾ, ಸಾಲು ಸಾಲೇ ಇದೆ. ಕೀತ್ ಮಿಲ್ಲರ್ ಸೇಂಟ್ ಕಿಲ್ಡಾ ಪರ 50 ಪಂದ್ಯ ಆಡಿದ್ದಾರೆ, ನಡುವೆ ಯುದ್ಧವಿಮಾನ ಹಾರಿಸಿದ್ದಾರೆ. ಮ್ಯಾಕ್ಸ್ ವಾಕರ್ ಮೆಲ್ಬರ್ನ್ ಪರ 85 ಪಂದ್ಯ, ಟೆಸ್ಟಿನಲ್ಲಿ 138 ವಿಕೆಟ್, ಜೊತೆಗೆ ಓದಿದ್ದು ಆರ್ಕಿಟೆಕ್ಚರ್. ನಮ್ಮಲ್ಲಿ ಕುಂಬ್ಳೆ, ಶ್ರೀನಾಥ್, ಪ್ರಸನ್ನ ಇಂಜಿನಿಯರಿಂಗ್ ಮುಗಿಸಿದ ಹಾಗೆ.

ಸೈಮನ್ ಓಡನೆಲ್ ನೆನಪಿದ್ದಾರಾ? ಸೇಂಟ್ ಕಿಲ್ಡಾ ಪರ ಫುಟಿ ಆಡಿ ಆಮೇಲೆ ಕ್ರಿಕೆಟ್ಟಿಗೆ ಪೂರ್ತಿ ಬಂದವರು. 1987ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಊರಿಗೆ ಹೋದ ಮೇಲೆ ಕ್ಯಾನ್ಸರ್ ಅಂತ ಗೊತ್ತಾಯಿತು. ವಾಸಿಯಾಗಿ ಬಂದು 1990ರಲ್ಲಿ ಶಾರ್ಜಾದಲ್ಲಿ 18 ಎಸೆತಕ್ಕೆ ಐವತ್ತು ಹೊಡೆದರು, ಆಗ ಅದು ವಿಶ್ವದಾಖಲೆ.

ಬಸವನಗುಡಿ ಹರಟೆ
ಓಡನೆಲ್ ಚೆನ್ನಾಗಿ ನೆನಪಿದ್ದಾರೆ! ಪ್ರಸನ್ನ ಅವರಂತೂ ಓದು ಮುಗಿಸಲು ಟೆಸ್ಟ್ ಕ್ರಿಕೆಟ್ಟನ್ನೇ ಕೆಲವು ವರ್ಷ ಬಿಟ್ಟಿದ್ದರು. ವಾಪಸ್ ಬಂದ ಮೇಲೆ ತೆಗೆದ ವಿಕೆಟ್ಟುಗಳೇ ಜಾಸ್ತಿ.

ಲೆಕ್ಕಪತ್ರ
ನೋಡಿ, ಎಲ್ಲರೂ ನನ್ನ ಮಾತಿಗೇ ಬಂದಿರಿ. ಓದು ಬಿಡಲಿಲ್ಲ ಅವರು. ಜಸ್ಟಿನ್ ಮ್ಯಾಡನ್ ಹೆಸರನ್ನೂ ಸೇರಿಸಿಕೊಳ್ಳಿ. ಕಾರ್ಲ್‌ಟನ್‌ನ ರಕ್‌ಮನ್, ಒಟ್ಟು 332 ಪಂದ್ಯ. ಆರ್ಕಿಟೆಕ್ಟ್. ಮುಂದೆ ವಿಕ್ಟೋರಿಯಾ ಸರ್ಕಾರದಲ್ಲಿ ಯೋಜನಾ ಮಂತ್ರಿಯಾಗಿ ಊರಿನ ಕಟ್ಟಡಗಳ ಬಗ್ಗೆ ತೀರ್ಮಾನ ಮಾಡಿದರು.

ಡ್ರಾಪ್ ಪಂಟ್
ಆ ಕಾಲ ಬೇರೆ ಸರ್. ಆಗ ಎಲ್ಲರಿಗೂ ಹಗಲು ಒಂದು ಕೆಲಸ ಇರುತ್ತಿತ್ತು. ಈಗ ಎಎಫ್‌ಎಲ್ ಆಟಗಾರನಿಗೆ ಇದೇ ಪೂರ್ಣಾವಧಿ ಉದ್ಯೋಗ. ಬೆಳಿಗ್ಗೆ ಜಿಮ್, ಆಮೇಲೆ ಮೈದಾನ, ಮಧ್ಯಾಹ್ನ ವಿಡಿಯೋ ನೋಡೋದು. ಆದರೂ ವಿಎಫ್‌ಎಲ್‌ನಲ್ಲಿ ಆಡುವವರು ಕೆಲಸವನ್ನೂ ಮಾಡುತ್ತಾರೆ, ಹಾಗಾಗಿ ಹುಡುಗ ಎರಡನ್ನೂ ಜೊತೆಗೆ ಮಾಡಬಹುದು. ಓದು ಬೇಕಾ ಆಟ ಬೇಕಾ ಅಂತ ಈಗಲೇ ಯಾಕೆ ಕೇಳಬೇಕು?

ಇನ್ನೊಂದು ದಾರಿ ಯಾರೂ ಹೇಳಲಿಲ್ಲ, ಅಮೆರಿಕ. ಡ್ಯಾರನ್ ಬೆನೆಟ್ ಮೆಲ್ಬರ್ನ್ ಕ್ಲಬ್ಬಿನ ಫಾರ್ವರ್ಡ್. ಹನಿಮೂನ್‌ಗೆ ಅಮೆರಿಕಕ್ಕೆ ಹೋದಾಗ ಸ್ಯಾನ್ ಡಿಯೇಗೊ ಚಾರ್ಜರ್ಸ್ ತಂಡದ ಮುಂದೆ ಒದ್ದು ತೋರಿಸಿದರು. 1995ರಲ್ಲಿ ಎನ್‌ಎಫ್‌ಎಲ್‌ನಲ್ಲಿ (ಅಮೆರಿಕನ್ ಫುಟ್‌ಬಾಲ್ ಲೀಗ್) ಚೆಂಡು ಒದೆಯುವವರಾಗಿ ಮೊದಲ ಸೀಸನ್, ಅದೇ ವರ್ಷ ಲೀಗಿನ ಶ್ರೇಷ್ಠರನ್ನು ಆರಿಸುವ ಪ್ರೊ ಬೌಲ್. ಅವರ ಗುಟ್ಟು ನಮ್ಮ ಮಕ್ಕಳು ಲೋಕಲ್ ಓವಲ್‌ನಲ್ಲಿ ಕಲಿಯುವ ಡ್ರಾಪ್ ಪಂಟ್. ಚೆಂಡನ್ನು ನೆಟ್ಟಗೆ ಹಿಡಿದು, ಕೈಯಿಂದ ಬಿಟ್ಟು, ಕೆಳಗಿನ ತುದಿಗೆ ಪಾದದ ಮೇಲ್ಭಾಗ ತಗುಲಿಸಬೇಕು. ಆಗ ಅದು ಹಿಂದಕ್ಕೆ ಉರುಳುತ್ತಾ ಹಾರುತ್ತೆ, ಬಿದ್ದ ಮೇಲೆ ಜಾಸ್ತಿ ಮುಂದೆ ಓಡಲ್ಲ. ಎದುರಾಳಿಯನ್ನು ಅವರ ಗೆರೆಯ ಹತ್ತಿರವೇ ಕಟ್ಟಿಹಾಕಲು ಅಮೆರಿಕದವರಿಗೆ ಬೇಕಾಗಿದ್ದದ್ದು ಅದೇ.

ಆಮೇಲೆ ಗೀಲಾಂಗಿನ ಬೆನ್ ಗ್ರಹಾಂ ಹೋದರು, 2009ರಲ್ಲಿ ಅರಿಝೋನಾ ಪರ ಸೂಪರ್ ಬೌಲ್ ಆಡಿದ ಮೊದಲ ಆಸ್ಟ್ರೇಲಿಯನ್. ಇಲ್ಲಿ 748 ಗೋಲ್ ಹೊಡೆದ ಸಾವ್ ರೊಕ್ಕಾ 2007ರಲ್ಲಿ ಫಿಲಡೆಲ್ಫಿಯಾಗೆ ಹೋದಾಗ ವಯಸ್ಸು 33. ಎನ್‌ಎಫ್‌ಎಲ್ ಇತಿಹಾಸದಲ್ಲಿ ಅತಿ ಹಿರಿಯ ಹೊಸಬ! ಹಳೇ ಎಎಫ್‌ಎಲ್ ಆಟಗಾರ ನೇಥನ್ ಚಾಪ್ಮನ್ 2007ರಲ್ಲಿ ಮೆಲ್ಬರ್ನಿನಲ್ಲಿ ಪ್ರೋಕಿಕ್ ಅನ್ನೋ ತರಬೇತಿ ಶುರು ಮಾಡಿದರು. ಎಎಫ್‌ಎಲ್‌ಗೆ ಹೋಗಲಾಗದ ಎಷ್ಟೋ ಹುಡುಗರು ಅಲ್ಲಿ ಕಲಿತು ಅಮೆರಿಕದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮೇಲೆ ಓದಿದ್ದಾರೆ. ಲೆಕ್ಕಪತ್ರ ಸರ್, ಇದು ನಿಮಗೆ ಇಷ್ಟ ಆಗಬೇಕು.

ಲೆಕ್ಕಪತ್ರ
ಇದು ನಿಜಕ್ಕೂ ಒಳ್ಳೆಯದು. ಡಿಗ್ರಿಯೂ ಕೈಗೆ ಬರುತ್ತೆ.

ಟಾರ್ನೀಟ್ ಮಾವ
ಹುಡುಗ ಎಲ್ಲ ಓದಿದ. ಅಮೆರಿಕ ಬೇಡವಂತೆ, ಬರೀ ಒದ್ದು ಬೆಂಚಿಗೆ ವಾಪಸ್ ಬರೋ ಆಟ ತನಗಲ್ಲ ಅಂತಾನೆ. ಪ್ರಿಡಿಸ್‌ನ ಹಳೇ ಪಂದ್ಯಗಳನ್ನು ಹಾಕಿಕೊಂಡು ನೋಡುತ್ತಿದ್ದಾನೆ. ವಿಎಫ್‌ಎಲ್ ಕ್ಲಬ್ಬುಗಳ ಟ್ರಯಲ್ ಬಗ್ಗೆ ಗೊತ್ತಿರುವವರು ಇದ್ದಾರಾ?

ಪರ್ತ್ ಪುಟ್ಟ
ಕ್ಲಬ್ಬಿಗೆ ನೇರವಾಗಿ ಮೇಲ್ ಹಾಕಲಿ ಸರ್, ಲೋಕಲ್ ಕೋಚ್ ಕೈಯಲ್ಲಿ ನಾಲ್ಕು ಸಾಲು ಬರೆಸಿ. ಬೇಸಿಗೆಯಲ್ಲೇ ಪ್ರಿ ಸೀಸನ್ ಶುರುವಾಗುತ್ತೆ, ತಡ ಮಾಡಬೇಡಿ. ಪ್ರಿಡಿಸ್ ನೋಡುವಾಗ ಚೆಂಡು ನೋಡಬೇಡ ಅಂತ ಹೇಳಿ. ಚೆಂಡು ಬರೋ ಮೊದಲು ಅವರು ಎಲ್ಲಿ ನಿಲ್ಲುತ್ತಾರೆ ಅನ್ನೋದನ್ನು ನೋಡಲಿ. ನಿಧಾನ ಓಡುವವರು ಉಳಿದುಕೊಳ್ಳೋದು ಅದರಲ್ಲೇ.

ಮಲೆನಾಡ ಹುಡುಗಿ
ಡ್ರಾಫ್ಟ್ ವಯಸ್ಸನ್ನು ಹತ್ತೊಂಬತ್ತಕ್ಕೆ ಏರಿಸಬೇಕು ಅಂತ ಬಹಳ ದಿನದಿಂದ ಮಾತಿದೆ. ನನ್ನ ಪ್ರಕಾರ ಏರಿಸಲೇಬೇಕು. ಹನ್ನೆರಡನೇ ಕ್ಲಾಸಿನ ಪರೀಕ್ಷೆ ಮುಗಿಯುತ್ತಿದ್ದಂತೆ ಮಕ್ಕಳನ್ನು ಟಿವಿ ಮುಂದೆ ಕೂರಿಸಿ ಹೆಸರು ಬರುತ್ತಾ ಅಂತ ಕಾಯಿಸೋದು ಕ್ರೌರ್ಯ.

ಕಪ್ಪುಬಿಳಿ ಕಾಲಿಂಗ್‌ವುಡ್
ಏರಿಸಿದರೆ ಹದಿನೆಂಟಕ್ಕೇ ತಯಾರಾದವನು ಒಂದು ವರ್ಷ ಸುಮ್ನೆ ಕೂರಬೇಕಾಗುತ್ತಲ್ಲ. ನಾನು ಒಪ್ಪಲ್ಲ.

ಮಲೆನಾಡ ಹುಡುಗಿ
ಸುಮ್ನೆ ಯಾಕೆ ಕೂರ್ತಾನೆ? ವಿಎಫ್‌ಎಲ್‌ನಲ್ಲಿ ದೊಡ್ಡವರ ಜೊತೆ ಆಡಲಿ. ಇದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ, ಅಲ್ಲಿಗೆ ಬನ್ನಿ.